ಮೂವತ್ತೊಂದನೇ ಪುಟದ ಆರು ಚುಕ್ಕಿ

ಬಟವಾಡಿ, ತುಮಕೂರು
14 ಜೂನ್ 1981

ಪ್ರಿಯ ಮಂಗಳ,

ನೀನು ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೂರನೇ ಕಾಗದ ಇದು. ಮೊದಲಿನ ಎರಡನ್ನು ಹರಿದುಹಾಕಿದೆ. ಅವುಗಳಲ್ಲಿ ಬಿಸಿಲಿನ ವಿಷಯ ಬಿಟ್ಟರೆ ಏನೂ ಇರಲಿಲ್ಲ. ಈಗ ಹೇಳಲು ಒಂದು ವಿಷಯ ಸಿಕ್ಕಿದೆ.

ನನಗೆ ಕೆಲಸವಾಯಿತು. ನಮ್ಮ ಬೀದಿಯ ಕೊನೆಯಲ್ಲಿ ಸದಾಶಿವಯ್ಯ ಎಂಬುವರು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದಾರೆ. ನಾನು ಅಲ್ಲಿ ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ಕೊನೆಯ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ವಾಪಸಾತಿ ದಿನಾಂಕ ಹಾಕುವುದು ಮಾಡುತ್ತೇನೆ. ಹೆಚ್ಚು ಮಾತಾಡಬೇಕಾಗಿಲ್ಲ. ಅದೇ ನನಗೆ ಹಿಡಿಸಿದ್ದು.

ಇಲ್ಲಿ ಒಂದು ಪದ್ಧತಿ ಇದೆ, ನಿನಗೆ ನಗು ಬರುತ್ತದೆ. ಕಾದಂಬರಿಗಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಓದಿದ್ದನ್ನೇ ಮತ್ತೆ ಒಯ್ಯಬಾರದಲ್ಲ, ಅದಕ್ಕೆ ಪ್ರತಿಯೊಬ್ಬರೂ ಓದಿ ಮುಗಿಸಿದ ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ತಮ್ಮದೊಂದು ಗುರುತು ಹಾಕುತ್ತಾರೆ. ಕೌಸಲ್ಯಮ್ಮನವರದು ತುಳಸಿ ಎಲೆ. ಪೋಸ್ಟಾಫೀಸಿನ ಶ್ರೀಕಂಠಯ್ಯನವರದು ಒಂದು ಕನ್ನಡಕ. ಪುಸ್ತಕ ತೆಗೆದುಕೊಳ್ಳುವ ಮೊದಲು ಎಲ್ಲರೂ ಮೂವತ್ತೊಂದನೇ ಪುಟ ತೆರೆದು ನೋಡುತ್ತಾರೆ. ಯಾರ ಗುರುತು ಯಾವುದು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾನು ಮಾತ್ರ ಸುಮ್ಮನೆ ಕೂತು ಒಂದೊಂದನ್ನೇ ಕಂಡುಹಿಡಿಯುತ್ತಿದ್ದೇನೆ.

ಹೋದ ವಾರ ಬೆಂಗಳೂರಿನಿಂದ ಬಂದ ಹಳೆಯ ಪುಸ್ತಕಗಳ ಕಟ್ಟಿನಲ್ಲಿ ಮುಖಪುಟವಿಲ್ಲದ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಸದಾಶಿವಯ್ಯನವರು ನಾಲ್ಕು ಸಾಲು ಓದಿ, "ಆಟದ್ ಪುಸ್ತಕ ಕಣಮ್ಮ, ಹುಡುಗ್ರ ಕಪಾಟಲ್ಲಿಡು" ಅಂದರು. ಇಡುವ ಮೊದಲು ತಿರುವಿದೆ. ತಿರುವುತ್ತಾ ಮನೆಗೆ ತಂದುಬಿಟ್ಟೆ. ಕಾಲೇಜಿನಲ್ಲಿ ನೀನು ಇಂಗ್ಲಿಷ್ ಪಾಠಗಳನ್ನೆಲ್ಲ ನನ್ನ ಬಾಯಿಂದ ಕಥೆಯಾಗಿ ಕೇಳಿಯೇ ಪಾಸಾದೆ. ಇದನ್ನೂ ಹಾಗೇ ಹೇಳುತ್ತೇನೆ.

ಚಳಿಯ ದೇಶದ ಒಂದು ನದಿ. ಉದ್ದವಾದ, ಸಣ್ಣ ದೋಣಿ. ಇಬ್ಬರು ಮಾತ್ರ ಕೂತು ಹುಟ್ಟು ಹಾಕುವ ಪಂದ್ಯ. ಇಬ್ಬರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಹಿಂದೆ ಕೂತವರಿಗೆ ಮುಂದಿನವರ ಕತ್ತು ಬಿಟ್ಟು ಬೇರೇನೂ ಕಾಣುವುದಿಲ್ಲ. ಮುಂದೆ ಕೂತವರಿಗೆ ಹಿಂದಿನವರ ಉಸಿರು ಕೇಳುತ್ತದೆ, ಮುಖ ಕಾಣುವುದಿಲ್ಲ. ಕಾಲಿನ್ ಮುಂದೆ ಕೂರುತ್ತಾನೆ. ಹಿಂದೆ ಮೇರಿ. ಇಬ್ಬರೂ ಇರುವುದು ಹುಡುಗರ ಹಾಸ್ಟೆಲಿನಲ್ಲಿ, ಬಟ್ಟೆ ಬದಲಿಸುವ ಕೋಣೆಯೂ ಒಂದೇ. ಇಬ್ಬರಿಗೂ ಮೊದಲು ಜಗಳ, ಆಮೇಲೆ ಒಂದು ಬೆಳಿಗ್ಗೆ ಕಾಲಿನ್‌ನ ಬೆರಳು ಮರಗಟ್ಟಿ ಹುಟ್ಟು ಹಿಡಿಯಲಾರದೆ ಹೋದಾಗ ಮೇರಿ ಅವನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ, ಏನೂ ಆಗಿಲ್ಲವೆಂಬಂತೆ ದೋಣಿ ತೊಳೆಯಲು ಹೋಗುತ್ತಾಳೆ. ಇಷ್ಟು ನಲವತ್ತು ಪುಟ.

ಹೇಗಿದೆ ಬರೆ.

ನಿನ್ನ
ದಾಕ್ಷಾಯಣಿ


ಕುಣಿಗಲ್
2 ಜುಲೈ 1981

ದಾಕ್ಷಿ,

ನಿನ್ನ ಕಾಗದವನ್ನು ನಡುಮನೆಯಲ್ಲೇ ಕೂತು ಗಟ್ಟಿಯಾಗಿ ಓದಿದೆ. ಈ ಮನೆಯಲ್ಲಿ ಒಬ್ಬರಿಗೆ ಬಂದ ಕಾಗದ ಎಲ್ಲರಿಗೂ ಬಂದ ಹಾಗೆ. ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೈದುನ ಮಹಾಲಿಂಗ ಬಾಗಿಲಲ್ಲಿ ಕೂತು ಕ್ಯಾನ್ವಾಸ್ ಬೂಟಿಗೆ ಸುಣ್ಣದ ಬಿಳುಪು ಹಚ್ಚುತ್ತಿದ್ದ.

ಕಂಕುಳ ವಿಷಯ ಬಂದಾಗ ಅತ್ತೆ ಮೊರ ಕೆಳಗಿಟ್ಟರು. "ಮದ್ವೆಗ್ ಮುಂಚೆ ಒಂದೇ ದೋಣೀಲಿ ಕುಂತವ್ಳೆ. ಆಮೇಲೆ ಯಾರ್ ಮಾಡ್ಕಂತಾರೆ ಅವ್ಳನ್ನ?"

"ಆ ಕಾಲಿನ್ನೇ ಮಾಡ್ಕಂತಾನೆ ಬುಡಿ ಅತ್ತೆ" ಅಂದೆ.

"ಅವ್ನಿಗೆ ಅಪ್ಪ ಅಮ್ಮ ಇಲ್ವಾ?"

ಮಹಾಲಿಂಗ ತಲೆ ಎತ್ತದೆ ಹೇಳಿದ: "ಅತ್ತಿಗೆ, ಇದ್ರಲ್ಲೇನೋ ತಪ್ಪೈತೆ. ಯಾವ್ ಪಂದ್ಯದಲ್ಲೂ ಗಂಡು ಹೆಣ್ಣು ಒಂದೇ ಟೀಮಲ್ಲಿರಲ್ಲ. ಆ ಹಿಂದ್ಗಡೆ ಕೂರೋದು ಹುಡುಗ್ನೇ ಇರ್ಬೇಕು. ನಿಮ್ ಫ್ರೆಂಡು ಸರಿಯಾಗಿ ಓದಿಲ್ಲ."

ನನಗೂ ಅದೇ ಅನುಮಾನ ಬಂತು ಕಣೇ. ಮೇರಿ ಹುಡುಗರ ಹಾಸ್ಟೆಲಿನಲ್ಲಿ ಹೇಗಿದ್ದಾಳೆ? ಬಟ್ಟೆ ಬದಲಿಸುವ ಕೋಣೆ ಒಂದೇ ಎಂದೂ ಬರೆದಿದ್ದೀಯ. ನಿನಗೆ ಇಂಗ್ಲಿಷಿನಲ್ಲಿ ತಪ್ಪಾಗುವುದಿಲ್ಲ, ನನಗೆ ಗೊತ್ತು. ಹಾಗಾದರೆ ಏನು?

ಇರಲಿ, ನಾನು ಬರೆಯಬೇಕೆಂದಿದ್ದು ಬೇರೆ. ನಮ್ಮ ಮಹಾಲಿಂಗನಿಗೆ ಹೆಣ್ಣು ನೋಡುತ್ತಿದ್ದಾರೆ. ಇಪ್ಪತ್ತಾರು ವರ್ಷ. ಡ್ರಿಲ್ ಮೇಷ್ಟರ ಟ್ರೈನಿಂಗ್ ಮುಗಿಸಿ ಪೋಸ್ಟಿಂಗಿಗೆ ಕಾಯುತ್ತಿದ್ದಾನೆ. ಕುಣಿಗಲ್ ವಾಲಿಬಾಲ್ ಟೀಮಿನಲ್ಲಿ ಹೊಡೆಯುವವನು ಇವನೇ. ಕುಡಿಯುವುದಿಲ್ಲ, ಕೂಗುವುದಿಲ್ಲ. ಇರುವ ಒಬ್ಬನೇ ಸ್ನೇಹಿತ ಆಂಜನಪ್ಪ, ಸ್ಟಡ್ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುತ್ತಾನೆ, ಇವನಿಗೆ ಚೆಂಡು ಎತ್ತಿಕೊಡುವವನು. ಕೊತ್ತಗೆರೆಯಲ್ಲಿ ಪಂದ್ಯವಿದ್ದರೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿ ಒಂದೇ ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಬರುತ್ತಾರೆ. ಅಷ್ಟು ಸರಳ ಮನುಷ್ಯ.

ನೀನು ಒಪ್ಪಿದರೆ ನಾವಿಬ್ಬರೂ ಒಂದೇ ಮನೆಯಲ್ಲಿರಬಹುದು. ದಿನವೂ ಕಥೆ ಹೇಳಬಹುದು. ಯೋಚನೆ ಮಾಡು.

ಮಂಗಳ


ಬಟವಾಡಿ, ತುಮಕೂರು
9 ಜುಲೈ 1981

ಪ್ರಿಯ ಮಂಗಳ,

ಇದನ್ನು ಗಟ್ಟಿಯಾಗಿ ಓದಬೇಡ. ಹಿತ್ತಿಲಿಗೆ ಹೋಗು.

ನಿನ್ನ ಮೈದುನ ಹೇಳಿದ್ದು ಸರಿ. ಮೇರಿ ಎಂಬುವಳು ಆ ಪುಸ್ತಕದಲ್ಲಿ ಇಲ್ಲ. ಅವನ ಹೆಸರು ಪೀಟರ್. ನಾನೇ ಬದಲಿಸಿದೆ. ನಿಮ್ಮ ಮನೆಯಲ್ಲಿ ಕಾಗದ ನಡುಮನೆಗೆ ಬರುತ್ತದೆಂದು ಹೇಗೋ ಊಹಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, ಇಂಥದ್ದನ್ನು ನಾನು ಓದಿದೆ ಎಂದು ನಿನಗೆ ಹೇಳಲು ನಾಚಿಕೆಯಾಯಿತು. ಆದರೆ ಪೀಟರನ್ನು ಮೇರಿ ಮಾಡಿದ ಕೂಡಲೇ ಎಲ್ಲ ಕೆಟ್ಟಿತು. ಮೇರಿಗೆ ಎಂಥ ಕೂದಲು ಎಂದು ಯೋಚಿಸಬೇಕಾಯಿತು. ಮನೆಯವರು ಏನನ್ನುತ್ತಾರೆ ಎಂದು ಯೋಚಿಸಬೇಕಾಯಿತು. ಪೀಟರ್ ಇದ್ದಾಗ ಕೈ ಬೆಚ್ಚಗಾದದ್ದು ಮಾತ್ರ ಇತ್ತು.

ನನಗೆ ಈ ಪುಸ್ತಕ ಏಕೆ ಹಿಡಿಸಿತು ಎಂದು ನಾನೇ ನನ್ನನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದೇನೆ. ಎರಡು ಸಲ ಓದಿದೆ. ಕೆಟ್ಟದ್ದೆಂದು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬೇರೆ ಪ್ರೇಮಕಥೆ ಓದುವಾಗ ನಾನು ಅದರ ನಾಯಕಿಯ ಪಕ್ಕದಲ್ಲಿ ನಿಂತು ಅಳತೆ ನೋಡಿಕೊಳ್ಳುತ್ತಿರುತ್ತೇನೆ. ಅವಳು ನನಗಿಂತ ಬಿಳುಪು, ನನಗಿಂತ ಮಾತುಗಾರ್ತಿ. ಇಲ್ಲಿ ನನಗೆ ನಿಲ್ಲಲು ಜಾಗವೇ ಇಲ್ಲ. ಜಾಗವಿಲ್ಲದ್ದರಿಂದ ದಡದಲ್ಲಿ ಹಾಯಾಗಿ ಕೂತು ನೋಡಬಹುದು. ಯಾರೂ ತಿರುಗಿ ನನ್ನನ್ನು ನೋಡುವುದಿಲ್ಲ.

ಇನ್ನೊಂದು. ಅದು ಆಟದ ಕಥೆಯಲ್ಲದಿದ್ದರೆ ಇಷ್ಟು ಹಿಡಿಸುತ್ತಿರಲಿಲ್ಲ. ಪಂದ್ಯ ಗೆದ್ದಾಗ ಅವರು ನೂರಾರು ಜನರ ಎದುರಿಗೆ ಅಪ್ಪಿಕೊಳ್ಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಆ ಒಂದು ಗಳಿಗೆಗಾಗಿ ವರ್ಷವೆಲ್ಲ ಹುಟ್ಟು ಹಾಕುತ್ತಾರೇನೋ. ಗೆಲ್ಲದಿದ್ದರೆ ಕೈ ಮುಟ್ಟಲೂ ನೆಪವಿಲ್ಲ. ಗೆಲುವಿಗೆ ಇಂಥ ಬೆಲೆ ಇರುವುದನ್ನು ನಾನು ಎಲ್ಲೂ ಓದಿರಲಿಲ್ಲ.

ನಿನ್ನ ಮೈದುನನ ವಿಷಯ: ಇದು ನನಗೆ ಬಂದ ಮೂರನೇ ಸಂಬಂಧ. ಮೊದಲಿನ ಎರಡರಲ್ಲಿ ನಾನು ಮಾತೇ ಆಡಲಿಲ್ಲವೆಂದು ಅವರೇ ಬಿಟ್ಟುಹೋದರು. ನಿನ್ನ ಜೊತೆ ಒಂದೇ ಮನೆಯಲ್ಲಿರುವುದು ನನಗೂ ಆಸೆ. ಬೇಡ ಎನ್ನುವುದಿಲ್ಲ. ಅವರು ಆಡುವುದನ್ನು ಮೊದಲು ನೋಡಬಹುದೇ? ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತವರನ್ನು ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ.

ದಾಕ್ಷಾಯಣಿ


ಕುಣಿಗಲ್
30 ಆಗಸ್ಟ್ 1981

ದಾಕ್ಷಿ,

ಏಳು ವಾರ ಬರೆಯಲಿಲ್ಲ. ಜ್ವರ ಬಂದಿತ್ತು ಎಂದುಕೋ.

ನಿನ್ನ ಕಾಗದವನ್ನು ಓದಿ ಅಕ್ಕಿ ಡಬ್ಬದಲ್ಲಿ ಹೂತೆ. ಎರಡು ದಿನ ಅನ್ನಕ್ಕೆ ಅಳೆಯುವಾಗಲೆಲ್ಲ ಕೈಗೆ ತಗುಲಿತು. ಮೂರನೇ ದಿನ ತೆಗೆದು ಮತ್ತೆ ಓದಿದೆ. ಇಂಥದ್ದು ಎಲ್ಲೋ ದೂರದ ದೇಶದಲ್ಲಿ ಇರಬಹುದು, ಅಲ್ಲವೇ? ಪುಸ್ತಕಕ್ಕೆಂದು ಬರೆಯುತ್ತಾರೆ. ಹಾಗೆಂದುಕೊಂಡೆ.

ಆದರೂ ಪೂರ್ತಿ ಬೇಕು. ಪೀಟರ್ ಎಂದೇ ಬರೆ. ಕಾಗದ ಬೇಡ, ಒಂದು ನೋಟುಬುಕ್ಕಿನಲ್ಲಿ ಬರೆದು ಕಳಿಸು. ಗುಬ್ಬಿಯಿಂದ ತುಮಕೂರಿನ ಮೇಲೆ ಇಲ್ಲಿಗೆ ಬರುವ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಯಲ್ಲಯ್ಯ ನಮ್ಮ ಬೀದಿಯವನೇ. ಲೈಬ್ರರಿ ಪುಸ್ತಕ ಅಂದರೆ ತಂದುಕೊಡುತ್ತಾನೆ, ಬಿಚ್ಚಿ ನೋಡುವುದಿಲ್ಲ.

ಮದುವೆಯ ವಿಷಯ ಅತ್ತೆಗೆ ಹೇಳಿದೆ. ಖುಷಿಯಾಗಿದ್ದಾರೆ. "ಓದಿದ್ ಹುಡ್ಗಿ, ಮಾತ್ ಕಮ್ಮಿ, ಇನ್ನೇನ್ ಬೇಕು" ಅಂದರು. ಮಹಾಲಿಂಗ ಏನೂ ಅನ್ನಲಿಲ್ಲ. ಆಗಲಿ ಎಂದೂ ಇಲ್ಲ, ಬೇಡವೆಂದೂ ಇಲ್ಲ. ಅವನು ಇರುವುದೇ ಹಾಗೆ. ನೀನು ಬಂದರೆ ಎಲ್ಲ ಸರಿಹೋಗುತ್ತದೆ.

ಮಂಗಳ


ಬಟವಾಡಿ, ತುಮಕೂರು
18 ಅಕ್ಟೋಬರ್ 1981

ಪ್ರಿಯ ಮಂಗಳ,

ಎಲ್ಲ ಸರಿಹೋಗುತ್ತದೆ ಎಂದು ಬರೆದಿದ್ದೀಯ. ಏನು ಸರಿಯಿಲ್ಲ ಎಂದು ಬರೆಯಲಿಲ್ಲ.

ನೋಟುಬುಕ್ಕು ಯಲ್ಲಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಮೇಲೆ ಕಂದು ಕಾಗದದ ಹೊದಿಕೆ, ಹೆಸರು "ಉಪ್ಪಿನಕಾಯಿ ವಿಧಾನಗಳು". ಯಾರಾದರೂ ತೆರೆದರೆ ಇರಲಿ ಎಂದು ಮೊದಲ ಎರಡು ಪುಟದಲ್ಲಿ ನಿಜವಾಗಿಯೂ ನಿಂಬೆಕಾಯಿ ಉಪ್ಪಿನಕಾಯಿ ಬರೆದಿದ್ದೇನೆ, ಅಮ್ಮನ ಅಳತೆ. ಮೂರನೇ ಪುಟದಿಂದ ನದಿ. ಅಭ್ಯಾಸಬಲದಿಂದ ಹಿಂದಿನ ರಟ್ಟಿಗೆ ದಿನಾಂಕದ ಚೀಟಿಯನ್ನೂ ಅಂಟಿಸಿಬಿಟ್ಟೆ.

ಒಂದು ಬೇಸರದ ವಿಷಯ. ಪುಸ್ತಕಕ್ಕೆ ಕೊನೆ ಇಲ್ಲ. ನೂರಾ ಎಂಬತ್ತೆಂಟನೇ ಪುಟದ ನಂತರ ಯಾರೋ ಕಿತ್ತಿದ್ದಾರೆ, ಅಥವಾ ತಾನೇ ಉದುರಿದೆ. ದೊಡ್ಡ ಪಂದ್ಯಕ್ಕೆ ದೋಣಿಗಳು ಸಾಲಾಗಿ ನಿಂತಿವೆ. ಅದಕ್ಕೆ ಮುಂಚಿನ ದಿನ ಪೀಟರಿನ ಮನೆಯವರು ಬಂದಿದ್ದಾರೆ, ಅವನಿಗೊಂದು ಹುಡುಗಿಯನ್ನು ಗೊತ್ತುಮಾಡಿದ್ದಾರೆ. ಕಾಲಿನ್‌ಗೆ ಅದು ಗೊತ್ತು. ಆದರೆ ದೋಣಿಯಲ್ಲಿ ಅವನು ಮುಂದೆ ಕೂತಿದ್ದಾನೆ, ಪೀಟರಿನ ಮುಖ ಅವನಿಗೆ ಕಾಣುವುದಿಲ್ಲ. ಪಿಸ್ತೂಲಿನ ಸದ್ದಿಗೆ ಎಲ್ಲರೂ ಕಾಯುತ್ತಿದ್ದಾರೆ. ಅಲ್ಲಿಗೆ ನಿಂತಿದೆ.

ಇಂಥ ಪುಸ್ತಕಗಳಲ್ಲಿ ಕೊನೆಗೆ ಒಬ್ಬ ಸಾಯುತ್ತಾನೇನೋ ಎಂದು ನನಗೆ ಭಯ. ಹಾಗಿದ್ದರೆ ಹರಿದದ್ದೇ ಒಳ್ಳೆಯದಾಯಿತು.

ದಾಕ್ಷಾಯಣಿ


ಕುಣಿಗಲ್
6 ಡಿಸೆಂಬರ್ 1981

ದಾಕ್ಷಿ,

ನೋಟುಬುಕ್ಕು ಇದರ ಜೊತೆಗೇ ವಾಪಸು ಬರುತ್ತಿದೆ. ದೊಡ್ಡಕೆರೆಯ ಏರಿ ಮೇಲೆ ಕೂತು ಓದಿ ಮುಗಿಸಿದೆ. ಈ ಊರಿಗೆ ಬಂದಾಗಿನಿಂದ ಆ ಕೆರೆ ನೋಡುತ್ತಿದ್ದೇನೆ, ಅದರ ಮೇಲೆ ದೋಣಿ ಹೋಗುವುದು ಮೊದಲ ಸಲ ಕಂಡಿತು.

ನೀನು ದಡದಲ್ಲಿ ಕೂತು ನೋಡುತ್ತೀಯೆಂದು ಬರೆದೆಯಲ್ಲ. ನನಗೆ ಹಾಗಲ್ಲ. ನನಗೆ ಹಿಡಿಸಿದ್ದು ಎಪ್ಪತ್ತನೇ ಪುಟ. ಅಭ್ಯಾಸ ಮುಗಿಸಿ ಬಂದು ಇಬ್ಬರೂ ಸ್ಟೌ ಹಚ್ಚಿ ಮೊಟ್ಟೆ ಬೇಯಿಸಿಕೊಳ್ಳುತ್ತಾರೆ. ನಾವು ಮೊಟ್ಟೆ ಮುಟ್ಟುವವರಲ್ಲ, ಆದರೂ ಅದನ್ನು ಮೂರು ಸಲ ಓದಿದೆ. ಇಬ್ಬರಿಗೂ ಒಂದೇ ಸುಸ್ತು, ಒಂದೇ ಹಸಿವು. ಒಬ್ಬ ನೀರಿಡುತ್ತಾನೆ, ಒಬ್ಬ ಸಿಪ್ಪೆ ಸುಲಿಯುತ್ತಾನೆ. ಯಾರು ಯಾರಿಗೆ ಬಡಿಸಬೇಕು ಎಂಬುದು ಅವರ ತಲೆಗೇ ಬರುವುದಿಲ್ಲ. ನಮ್ಮವರು ಒಳ್ಳೆಯವರು ಕಣೇ, ದೂರು ಹೇಳುತ್ತಿಲ್ಲ. ಆದರೆ ನಾವಿಬ್ಬರೂ ಒಟ್ಟಿಗೆ ಸುಸ್ತಾದದ್ದು ಒಂದು ದಿನವೂ ನೆನಪಿಲ್ಲ.

ಮೂವತ್ತೊಂದನೇ ಪುಟದಲ್ಲಿ ನನ್ನ ಗುರುತು ಹಾಕಿದ್ದೇನೆ, ಮಾವಿನಕಾಯಿ.

ಕೊನೆಯನ್ನು ನೀನೇ ಬರೆಯಬೇಕು. ಹಾಗೆ ಬಿಡಬೇಡ.

ಜನವರಿ ಹದಿನೇಳು, ಭಾನುವಾರ ಗುಬ್ಬಿಯಲ್ಲಿ ವಾಲಿಬಾಲ್ ಪಂದ್ಯ. ನಿನ್ನ ಸೋದರಮಾವ ಅಡವಿಯಪ್ಪನವರ ಮನೆ ಅಲ್ಲೇ ಇದೆಯಲ್ಲ. ಬೆಳಿಗ್ಗೆ ಆಟ ನೋಡು. ಸಂಜೆ ಅತ್ತೆ, ನಮ್ಮವರು, ನಾನು ಅಲ್ಲಿಗೆ ಬಂದು ಹೆಣ್ಣು ನೋಡುವ ಶಾಸ್ತ್ರ ಮುಗಿಸುತ್ತೇವೆ. ಸಂಕ್ರಾಂತಿ ಕಳೆದ ಹದಿನೈದು ದಿನದಲ್ಲಿ ನಿಮ್ಮ ಒಪ್ಪಿಗೆ ತಿಳಿಸಿದರೆ ಮಾಘದಲ್ಲೇ ಲಗ್ನ ಇಡಬೇಕೆಂದು ಅತ್ತೆಯ ಇಷ್ಟ.

ಹೇಳಲು ಮರೆತೆ. ಅತ್ತೆ ನಿನ್ನ ಪುಸ್ತಕದ ಮೊದಲ ಎರಡು ಪುಟ ಓದಿಸಿಕೊಂಡು, "ಉಪ್ಪು ಸಾಲ್ದು" ಅಂದರು.

ಮಂಗಳ


ಬಟವಾಡಿ, ತುಮಕೂರು
28 ಡಿಸೆಂಬರ್ 1981

ಪ್ರಿಯ ಮಂಗಳ,

ಮೂವತ್ತೊಂದನೇ ಪುಟದಲ್ಲಿ ಎರಡು ಗುರುತುಗಳಿವೆ. ನಿನ್ನ ಮಾವಿನಕಾಯಿ ಶಾಯಿಯಲ್ಲಿದೆ. ಅದರ ಕೆಳಗೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಆರು ಚುಕ್ಕಿ. ಮೇಲೆ ಮೂರು, ಕೆಳಗೆ ಮೂರು. ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಒಂದು ಗೆರೆ. ತುಂಬ ಸಣ್ಣಗೆ, ಆದರೆ ಒತ್ತಿ ಹಾಕಿದ್ದು. ಹಾಳೆಯ ಹಿಂದೆ ಬೆರಳಿಗೆ ಸಿಗುತ್ತದೆ.

ಇಷ್ಟು ತಿಂಗಳಲ್ಲಿ ನಾನು ನೂರಾರು ಗುರುತು ನೋಡಿದ್ದೇನೆ. ಇದು ಯಾರದು?

ದಾಕ್ಷಾಯಣಿ


ಕುಣಿಗಲ್
4 ಜನವರಿ 1982

ದಾಕ್ಷಿ,

ಪಕ್ಕದ ಮನೆಯ ಮಗು ಗೀಚಿರಬೇಕು. ರಬ್ಬರಿನಲ್ಲಿ ಅಳಿಸಿಬಿಡು.

ಹದಿನೇಳಕ್ಕೆ ನೀಲಿ ಸೀರೆ ಉಟ್ಟುಕೋ, ನಿನಗೆ ಒಪ್ಪುತ್ತದೆ.

ಮಂಗಳ


ಬಟವಾಡಿ, ತುಮಕೂರು
25 ಜನವರಿ 1982

ಪ್ರಿಯ ಮಂಗಳ,

ಗುಬ್ಬಿಯಲ್ಲಿ ನಿನ್ನ ಜೊತೆ ನಾಲ್ಕು ಮಾತೂ ಆಡಲಾಗಲಿಲ್ಲ. ನಿನ್ನ ಅತ್ತೆ ನನ್ನ ಎಡಕ್ಕೆ, ನಮ್ಮಮ್ಮ ಬಲಕ್ಕೆ. ನೀನು ತಟ್ಟೆ ಕೊಡುವಾಗ ನನ್ನ ಮುಖ ನೋಡದೆ ಕೊಟ್ಟೆ.

ಬೆಳಗಿನ ಆಟದ ಬಗ್ಗೆ ಬರೆಯುತ್ತೇನೆ. ನಾನು ಅಡವಿಯಪ್ಪ ಮಾವನ ಜೊತೆ ಹುಣಸೆಮರದ ಕೆಳಗೆ, ಹೆಂಗಸರು ನಿಂತಿದ್ದ ಕಡೆ ಇದ್ದೆ. ಮೊದಲು ಚೆಂಡು ನೋಡಿದೆ, ಆಮೇಲೆ ಚೆಂಡು ಬಿಟ್ಟು ಅವರಿಬ್ಬರನ್ನು ನೋಡಿದೆ. ಆಂಜನಪ್ಪ ಬಲೆಗೆ ಬೆನ್ನು ಮಾಡಿ, ತಲೆ ಹಿಂದಕ್ಕೆ ಬಾಗಿಸಿ ಚೆಂಡು ಎತ್ತುತ್ತಾನೆ. ಎಲ್ಲಿಗೆ ಎತ್ತಿದೆ ಎಂದು ತಿರುಗಿ ನೋಡುವುದಿಲ್ಲ. ಅವನ ಕೈ ಬಿಡುವ ಮೊದಲೇ ನಿನ್ನ ಮೈದುನ ನೆಲ ಬಿಟ್ಟಿರುತ್ತಾರೆ. ಚೆಂಡು ಅಲ್ಲಿರದಿದ್ದರೆ ಬರಿಗಾಳಿಗೆ ಹೊಡೆದು ಬೀಳಬೇಕು. ಒಂದು ಸಲವೂ ಹಾಗಾಗಲಿಲ್ಲ. ನೋಡದೆ ಎತ್ತುವುದು, ಕೇಳದೆ ಹಾರುವುದು. ನಾನು ಪುಸ್ತಕದಲ್ಲಿ ಓದಿದ್ದನ್ನು ಕಣ್ಣೆದುರಿಗೆ ಕಂಡೆ.

ಪಕ್ಕದಲ್ಲಿ ಒಬ್ಬ ಮುದುಕ ಕೂಗುತ್ತಿದ್ದ: "ಏಯ್ ಆಂಜನಪ್ಪ, ಬೇರೆಯೋರ್ಗೂ ಒಂದ್ ಎತ್ಕೊಡ್ಲಾ. ಅವ್ನ್ ಒಬ್ನಿಗೇ ಹಡ್ದವ್ಳೇ ನಿಮ್ಮವ್ವ?" ಎಲ್ಲರೂ ನಕ್ಕರು. ಆಂಜನಪ್ಪನೂ ನಕ್ಕ. ನಿನ್ನ ಮೈದುನ ನಗಲಿಲ್ಲ, ಬೂಟಿನ ದಾರ ಬಿಗಿ ಮಾಡಿಕೊಂಡರು.

ಎರಡನೇ ಸೆಟ್ಟಿನ ನಡುವೆ ಟೀಮಿನವರು ಸುತ್ತ ನಿಂತರು. ನಿನ್ನ ಮೈದುನ ಕುಕ್ಕರಗಾಲಿನಲ್ಲಿ ಕೂತು ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಗುರುತು ಮಾಡಿ ತೋರಿಸಿದರು. ಮೇಲೆ ಮೂರು ಚುಕ್ಕಿ, ಕೆಳಗೆ ಮೂರು. ಮಾತು ಮುಗಿದು ಎಲ್ಲರೂ ಎದ್ದರು. ಅವರು ಏಳುವ ಮುಂಚೆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ ಎಳೆದರು. ಅದು ಯಾರಿಗೂ ತೋರಿಸಲು ಎಳೆದದ್ದಲ್ಲ.

ನಾನು ಅಲ್ಲೇ ಮರದ ಬೇರಿನ ಮೇಲೆ ಕೂತೆ. ಮಾವ "ಬಿಸ್ಲಾ?" ಅಂದರು. ಹೌದು ಅಂದೆ.

ಆಟ ಸೋತರು, ನಿನಗೆ ಗೊತ್ತು. ಗೆದ್ದವರೆಲ್ಲ ಅಪ್ಪಿಕೊಂಡು ಕುಣಿದರು. ಇವರಿಬ್ಬರು ಒಂದು ಮಾರು ದೂರದಲ್ಲಿ ನಿಂತು, ಟವಲ್ಲಿನ ಆ ತುದಿಯಿಂದ ಒಬ್ಬ, ಈ ತುದಿಯಿಂದ ಒಬ್ಬ ಮುಖ ಒರೆಸಿಕೊಂಡರು.

ಸಂಜೆ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಲೈಬ್ರರೀಲಿ ಕೆಲ್ಸ ಅಂತೆ. ಪುಸ್ತಕಕ್ಕೆ ಕೊನೆ ಇಲ್ದಿದ್ರೆ ಏನ್ಮಾಡ್ತೀರಿ?" ಹಿರಿಯರು ಇದೇನು ಪ್ರಶ್ನೆ ಎಂದು ನಕ್ಕರು. ನಾನು, "ಯಾರಾದ್ರೂ ಬರೀಬೇಕಾಗುತ್ತೆ" ಅಂದೆ. ಹೆಣ್ಣು ನೋಡಲು ಬಂದವರ ಎದುರು ನಾನು ಆಡಿದ ಮೊದಲ ಮಾತು ಅದು. ಮಂಗಳ, ಅವರು ನನಗೆ ಹಿಡಿಸಿದರು. ಅದನ್ನು ನಿನಗಾದರೂ ಹೇಳಬೇಕು.

ನಿನ್ನೆ ಅಮ್ಮನಿಗೆ ಈ ಮದುವೆ ಬೇಡ ಎಂದೆ. ಮೈಸೂರಿಗೆ ಹೋಗಿ ಎಂ.ಎ. ಓದುತ್ತೇನೆ, ಈಗಲೇ ಸಂಸಾರ ಬೇಡ ಎಂದೆ. ಅವರಲ್ಲಿ ಯಾವ ಕೊರತೆಯೂ ಇಲ್ಲ, ನನ್ನ ಹಟವಷ್ಟೇ ಎಂದು ನೀನೂ ಮನೆಯಲ್ಲಿ ಹೇಳು. ಹಾಗೆಯೇ ಹೇಳು. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಡವಿಯಪ್ಪ ಮಾವ, "ಓದ್ಸಿದ್ದೇ ತಪ್ಪಾಯ್ತು" ಅಂದರಂತೆ.

ಯಲ್ಲಯ್ಯನ ಕೈಯಲ್ಲಿ ನೋಟುಬುಕ್ಕು ಮತ್ತೆ ಕಳಿಸಿದ್ದೇನೆ. ಕೊನೆ ಬರೆದಿದ್ದೇನೆ, ನಾಲ್ಕೇ ಪುಟ. ಅವರು ಪಂದ್ಯ ಸೋಲುತ್ತಾರೆ. ಯಾರೂ ಸಾಯುವುದಿಲ್ಲ. ಅಪ್ಪಿಕೊಳ್ಳಲು ನೆಪವಿಲ್ಲ. ಜನರೆಲ್ಲ ಗೆದ್ದವರ ಕಡೆ ಓಡಿದ ಮೇಲೆ ದಡದಲ್ಲಿ ಇವರಿಬ್ಬರೇ ಉಳಿಯುತ್ತಾರೆ. ದೋಣಿಯನ್ನು ಮನೆಗೆ ಒಯ್ಯಬೇಕು. ಅದನ್ನು ಒಬ್ಬನೇ ಹೊರಲಾಗುವುದಿಲ್ಲ. ಇಬ್ಬರೂ ಹೆಗಲು ಕೊಟ್ಟು ಎತ್ತುತ್ತಾರೆ. ಈ ಸಲ ಪೀಟರ್, "ನೀನು ಹಿಂದೆ ಹಿಡಿ, ನಾನು ಮುಂದೆ ನಡೀತೀನಿ" ಎನ್ನುತ್ತಾನೆ. ಅಷ್ಟೇ.

ಆರು ಚುಕ್ಕಿಯನ್ನು ನಾನು ಅಳಿಸಲಿಲ್ಲ.

ದಾಕ್ಷಾಯಣಿ


ಕುಣಿಗಲ್
8 ಜೂನ್ 1982

ದಾಕ್ಷಿ,

ನಾಲ್ಕು ತಿಂಗಳು ಸುಮ್ಮನಿದ್ದೆ. ಈ ಸಲ ಜ್ವರ ಎನ್ನುವುದಿಲ್ಲ.

ಆ ಆರು ಚುಕ್ಕಿ ಯಾರದೆಂದು ನನಗೆ ಗೊತ್ತಿತ್ತು. ಈ ಮನೆಗೆ ಬಂದ ದಿನದಿಂದ ಗೊತ್ತು. ಅವನು ಸಂಜೆ ಅಂಗಳದಲ್ಲಿ ಕೂತು ಕಡ್ಡಿಯಿಂದ ಗೀಚುತ್ತಾನೆ, ಬೆಳಿಗ್ಗೆ ನಾನು ಗುಡಿಸುತ್ತೇನೆ. "ಆರೇ ಚುಕ್ಕೀಲಿ ಅದ್ಯಾವ ರಂಗೋಲೀನಪ್ಪ?" ಎಂದು ಅತ್ತೆ ಅವನನ್ನು ರೇಗಿಸುತ್ತಿದ್ದರು. ಆಟದ ಲೆಕ್ಕ ಎಂದುಕೊಂಡು ನಾನು ಗುಡಿಸಿಹಾಕಿದೆ. ನಿನ್ನ ಜುಲೈ ತಿಂಗಳ ಕಾಗದ ಓದಿದ ಮಾರನೇ ಬೆಳಿಗ್ಗೆ ಪೊರಕೆ ಹಿಡಿದು ಬಗ್ಗಿದವಳು ಹಾಗೇ ನಿಂತೆ. ಆ ಗೆರೆ ಯಾವ ಎರಡು ಚುಕ್ಕಿಯ ನಡುವೆ ಎಂದು ಆವತ್ತು ನೋಡಿದೆ. ಏಳು ವಾರ ನಾನು ಹೆದರಿದ್ದು ನಿನ್ನ ಪುಸ್ತಕಕ್ಕಲ್ಲ.

ಈಗ ನೀನು ಕ್ಷಮಿಸಲಾರದ ಮಾತು. ತಿಳಿದ ಮೇಲೂ ನಿನ್ನ ಸಂಬಂಧದ ಮಾತು ಮುಂದುವರಿಸಿದೆ. ಅತ್ತೆ ಹೇಗೂ ಯಾರನ್ನಾದರೂ ತರುತ್ತಾರೆ, ನೀನಾದರೆ ಓದಿದವಳು, ಆ ಪುಸ್ತಕವನ್ನು ಪ್ರೀತಿಯಿಂದ ಬರೆದವಳು, ಅವನನ್ನು ನೋಯಿಸುವುದಿಲ್ಲ ಎಂದುಕೊಂಡೆ. ನೀನು ನೋಯುತ್ತೀಯೆಂದು ಯೋಚಿಸಲಿಲ್ಲ. ನನಗೆ ನೀನು ಜೊತೆಗೆ ಬೇಕಿತ್ತು. ನೀನು ಮೇರಿಯಾಗಿ ದೋಣಿಯಲ್ಲಿ ಕೂರಲಿ ಎಂದು ನಾನು ಬಯಸಿದೆ. ನೀನು ಕಾಗದದಲ್ಲಿ ಮಾಡಿದ್ದನ್ನು ನಾನು ನಿಜದಲ್ಲಿ ಮಾಡಲು ಹೊರಟಿದ್ದೆ.

ಉಪ್ಪಿನಕಾಯಿ ಪುಸ್ತಕವನ್ನು ಅವನ ಬೂಟಿನ ಪಕ್ಕ ಇಟ್ಟವಳೂ ನಾನೇ. ಏಕೆ ಇಟ್ಟೆನೋ ಇಂದಿಗೂ ಗೊತ್ತಿಲ್ಲ. ಮೂರು ದಿನ ಬಿಟ್ಟು ತಂದು ಅಡುಗೆಮನೆ ಗೂಡಿನಲ್ಲಿಟ್ಟ. "ಅತ್ತಿಗೆ, ಇದ್ರ ಕೊನೆ ಎಲ್ಲೈತೆ?" ಎಂದು ಕೇಳಿದ. "ಹರ್ದೋಗೈತಂತೆ" ಅಂದೆ. ಅಷ್ಟೇ ನಾವಾಡಿದ ಮಾತು.

ನೀನು ಬೇಡವೆಂದಿದ್ದಕ್ಕೆ ಇಲ್ಲಿ ನಿನ್ನನ್ನು ಬೈದರು. ನಾನೂ ನಾಲ್ಕು ಮಾತು ಸೇರಿಸಿ ಬೈದೆ, ನೀನು ಹೇಳಿದ ಹಾಗೆ. ಆಗ ಮಹಾಲಿಂಗ ಎದ್ದು ನಿಂತು, "ಆಯಮ್ಮನ್ನ ಯಾರೂ ಏನೂ ಅನ್ಬೇಡಿ. ನಾನೇ ಮದ್ವೆ ಬ್ಯಾಡ ಅಂತ ಹೇಳ್ಬೇಕಾಗಿತ್ತು. ನನ್ಗೆ ಬಾಯಿ ಬರ್ಲಿಲ್ಲ, ಅವ್ರು ಹೇಳಿದ್ರು. ಇನ್ಮೇಲೆ ನಂಗೆ ಹೆಣ್ಣು ನೋಡ್ಬೇಡಿ" ಅಂದ. ನಮ್ಮವರು ಬಾಗಿಲು ಬಡಿದು ಹೊರಗೆ ಹೋದರು. ಅತ್ತೆ ಬಹಳ ಹೊತ್ತು ಅಕ್ಕಿ ಆರಿಸುತ್ತಿದ್ದರು. ಆಮೇಲೆ, "ಉಣ್ಣಕ್ ಬಾ" ಅಂದರು. ಅವನಿಗೆ ಅಂದದ್ದು. ಅವರಿಗೆ ಎಷ್ಟು ತಿಳಿಯಿತೋ ನಾನು ಕೇಳಲಿಲ್ಲ.

ಅವನಿಗೆ ಗುಬ್ಬಿಯ ಒಂದು ಶಾಲೆಗೆ ಪೋಸ್ಟಿಂಗ್ ಆಯಿತು. ಮೊನ್ನೆ ಹೋದ. ಬಸ್‌ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದಾನೆ. ಟ್ರಂಕಿನ ಒಂದು ಕಡೆಯ ಹಿಡಿ ಅವನು, ಇನ್ನೊಂದು ಕಡೆಯದು ಆಂಜನಪ್ಪ ಹಿಡಿದು ಬಸ್ಸಿಗೆ ಏರಿಸಿದರು. ಭಾನುವಾರ ಕುದುರೆ ಕೆಲಸಕ್ಕೆ ಬದಲಿ ಆಳು ಸಿಕ್ಕರೆ ಆಂಜನಪ್ಪ ಅಲ್ಲಿಗೆ ಹೋಗುತ್ತಾನಂತೆ, ಆಟ ಆಡಲು. ಟ್ರಂಕಿನಲ್ಲಿ ಉಪ್ಪಿನಕಾಯಿ ಪುಸ್ತಕವೂ ಹೋಯಿತು. ನಾಚಿಕೊಂಡು ಕೇಳಿದ: "ಲೈಬ್ರರಿ ಪುಸ್ತಕ ಅಲ್ವಾ ಅತ್ತಿಗೆ, ಎಷ್ಟ್ ದಿನ ಇಟ್ಕೋಬೋದು ಅಂತ ಅವ್ರನ್ನ ಕೇಳಿ. ಚೀಟೀಲಿ ಡೇಟ್ ಇಲ್ಲ."

ನೀನೇ ಅವನಿಗೆ ತಿಳಿಸು. ವಿಳಾಸ ಹಿಂದೆ ಬರೆದಿದ್ದೇನೆ. ಕಾರ್ಡಾದರೆ ಶಾಲೆಯಲ್ಲಿ ನಾಲ್ಕು ಜನ ಓದುತ್ತಾರೆ, ಎಚ್ಚರ.

ಇವತ್ತು ಅಂಗಳದಲ್ಲಿ ಗುಡಿಸಲು ಏನೂ ಇರಲಿಲ್ಲ.

ಮಂಗಳ


ಕಾರ್ಡು

ಬಟವಾಡಿ, ತುಮಕೂರು
14 ಜೂನ್ 1982

ಶ್ರೀ ಮಹಾಲಿಂಗಯ್ಯನವರಿಗೆ,
ಗುಬ್ಬಿ

ಮಾನ್ಯ ಓದುಗರೆ,

ತಮ್ಮ ಬಳಿ ಇರುವ "ಉಪ್ಪಿನಕಾಯಿ ವಿಧಾನಗಳು" ಪುಸ್ತಕದ ಬಗ್ಗೆ ವಿಚಾರಿಸಿದ್ದೀರಿ. ಈ ಪುಸ್ತಕಕ್ಕೆ ವಾಪಸಾತಿ ದಿನಾಂಕ ಇರುವುದಿಲ್ಲ. ತಾವು ಇಚ್ಛಿಸಿದಲ್ಲಿ ಇನ್ನೊಬ್ಬರಿಗೆ ಓದಲು ಕೊಡಬಹುದು. ಓದಿ ಮುಗಿಸಿದ ಮೇಲೆ ಅವರೂ ಮೂವತ್ತೊಂದನೇ ಪುಟದಲ್ಲಿ ತಮ್ಮ ಗುರುತು ಹಾಕತಕ್ಕದ್ದು. ಅಂಚಿನಲ್ಲಿ ಜಾಗವಿದೆ.

ಇತಿ,
ದಾಕ್ಷಾಯಣಿ
ಲೈಬ್ರರಿ ಪರವಾಗಿ